ಶಾಲು ಸಾಕು, ಸಂಬಳ ಕೊಡಿ

ಮಾರ್ಚ್ 24 ವಿಶ್ವ ಕ್ಷಯರೋಗ ದಿನ. ಅಂದು ವೇದಿಕೆಗೆ ಒಬ್ಬರು ಬೇಕೇ ಬೇಕು. ಟಿಬಿ ಬಂದು, ತಿಂಗಳುಗಟ್ಟಲೆ ಮಾತ್ರೆ ನುಂಗಿ, ಗುಣವಾಗಿ, ಈಗ ನಾಲ್ಕು ಜನರೆದುರು ‘ನನಗೂ ಬಂದಿತ್ತು’ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಇರುವವರು. ಆರೋಗ್ಯ ಇಲಾಖೆಯ ಮಾತಿನಲ್ಲಿ ಅವರು ‘ಟಿಬಿ ಚಾಂಪಿಯನ್’. ಅವರಿಗೆ ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ, ಪ್ರಮಾಣಪತ್ರ ಹಿಡಿಸಿ ಫೋಟೊ ತೆಗೆಸುತ್ತಾರೆ. ಮಾರ್ಚ್ 25ರ ಬೆಳಿಗ್ಗೆ ಅದೇ ಮನುಷ್ಯ ಹೊಸ ರೋಗಿಯೊಬ್ಬನನ್ನು ಕೈಹಿಡಿದು ಆಸ್ಪತ್ರೆಗೆ ಕರೆತಂದರೆ ಕೂರಲು ಕುರ್ಚಿ ಇಲ್ಲ, ಬಸ್ ಚಾರ್ಜು ಕೊಡುವವರಿಲ್ಲ. ಅವತ್ತಿನ ಕೂಲಿ ಹೋಯಿತಲ್ಲ ಎಂದು ವಿಚಾರಿಸುವವರಂತೂ ಇಲ್ಲವೇ ಇಲ್ಲ.

ಇದನ್ನು ಅನ್ಯಾಯ ಎನ್ನದೆ ಬೇರೆ ಏನೆನ್ನಬೇಕು?

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಬದುಕುವವರಿಗೆ ಈ ಕಾಯಿಲೆಯನ್ನು ಪರಿಚಯಿಸಬೇಕಾಗಿಲ್ಲ. 1927ರಲ್ಲಿ ಎದ್ದ ಆ ಕಟ್ಟಡದೊಳಗೆ ಬೆಳಕು ಹರಿಯುವ ಮೊದಲೇ ಕೆಲಸ ಶುರು. ಹೂವು, ಹಣ್ಣು, ಮೀನು, ಮಾಂಸ, ಇವನ್ನೆಲ್ಲ ಹೊತ್ತು ಹಾಕುವ ಹಮಾಲಿಗಳು, ತಳ್ಳುಗಾಡಿಯವರು, ರಾತ್ರಿಯಿಡೀ ಲಾರಿಯಲ್ಲಿ ಬಂದವರು. ಮಾರುಕಟ್ಟೆಯ ಹಿಂದಿನ ಓಣಿಗಳಲ್ಲಿ ಒಂದೇ ಕೋಣೆಯ ಮನೆಗಳು. ಕಿಟಕಿ ಇದ್ದರೂ ತೆರೆದರೆ ಎದುರು ಮನೆಯ ಗೋಡೆ. ಗಾಳಿಯಲ್ಲಿ ಹರಡುವ ರೋಗಕ್ಕೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆ ಸಂಜೆ ಜ್ವರ, ಸಡಿಲವಾಗುತ್ತ ಹೋಗುವ ಷರ್ಟು, ಇದೇನೆಂದು ಓಣಿಯ ಹೆಂಗಸರಿಗೆಲ್ಲ ಗೊತ್ತು. ಗೊತ್ತಿದ್ದೂ ಮೆಡಿಕಲ್ ಅಂಗಡಿಯ ಕೆಮ್ಮಿನ ಟಾನಿಕ್ ತಂದು ಕುಡಿಸುತ್ತಾರೆ. ಹೆಸರು ಹೊರಬಿದ್ದರೆ ಬಾಡಿಗೆ ಮನೆ ಖಾಲಿ ಮಾಡಿಸುತ್ತಾರೆ, ಮಗಳ ಸಂಬಂಧ ಮುರಿಯುತ್ತದೆ, ಅಂಗಡಿಯ ಯಜಮಾನ ನಾಳೆಯಿಂದ ಬರಬೇಡ ಎನ್ನುತ್ತಾನೆ ಎಂಬ ಭಯ.

ಈ ಭಯವನ್ನು ಮುರಿಯಲು ಪೋಸ್ಟರಿನಿಂದ ಆಗದು. ವೈದ್ಯರಿಂದಲೂ ಪೂರ್ತಿ ಆಗದು. ಸರ್ಕಾರಿ ಆಸ್ಪತ್ರೆಯ ಸರದಿಯಲ್ಲಿ ಒಬ್ಬ ರೋಗಿಗೆ ಅವರು ಕೊಡಬಲ್ಲ ಹೊತ್ತು ಎಷ್ಟೆಂದು ಎಲ್ಲರಿಗೂ ಗೊತ್ತು. ಅದು ಆಗುವುದು, ಅದೇ ಓಣಿಯಲ್ಲಿ ಅದೇ ಕಾಯಿಲೆ ದಾಟಿ ಬಂದು ಈಗ ಮತ್ತೆ ಮೂಟೆ ಹೊರುತ್ತಿರುವವನಿಂದ.

ಈ ಕಾಯಿಲೆಯ ಚಿಕಿತ್ಸೆ ಹೇಗಿರುತ್ತದೆಂದು ನೋಡಿ. ಸಾಮಾನ್ಯ ಟಿಬಿಗೆ ಆರು ತಿಂಗಳು, ದಿನಾ ಮಾತ್ರೆ. ಮೊದಲ ಎರಡು ತಿಂಗಳು ಒಂದೇ ಮಾತ್ರೆಯೊಳಗೆ ನಾಲ್ಕು ಔಷಧ. 50 ಕಿಲೊ ತೂಗುವ ಮನುಷ್ಯನಿಗೆ ದಿನಕ್ಕೆ ಅಂಥ ನಾಲ್ಕು ಮಾತ್ರೆ. ಆಮೇಲೆ ನಾಲ್ಕು ತಿಂಗಳು ಮೂರು ಔಷಧದ ಮಾತ್ರೆ. ಶುರುವಾದ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಯಾರೂ ಮೊದಲೇ ಹೇಳಿರದಿದ್ದರೆ ಮನುಷ್ಯ ರಕ್ತವೆಂದು ಹೆದರಿ ಮಾತ್ರೆ ಎಸೆಯುತ್ತಾನೆ. ಹೊಟ್ಟೆ ತೊಳಸುತ್ತದೆ, ಕೀಲು ನೋಯುತ್ತದೆ. ಎರಡನೇ ತಿಂಗಳ ಹೊತ್ತಿಗೆ ಕೆಮ್ಮು ನಿಂತು, ಹಸಿವಾಗಿ, ತೂಕ ಏರತೊಡಗುತ್ತದೆ. ಅಪಾಯ ಇರುವುದು ಅಲ್ಲೇ. ಗುಣವಾಯಿತು ಎಂದುಕೊಂಡು ಮಾತ್ರೆ ನಿಲ್ಲಿಸುವವರು ನಿಲ್ಲಿಸುವುದು ಆಗಲೇ. ಅರ್ಧಕ್ಕೆ ಬಿಟ್ಟರೆ ರೋಗ ಮತ್ತೆ ತಲೆಯೆತ್ತುತ್ತದೆ, ಕೆಲವರಲ್ಲಿ ಔಷಧಕ್ಕೆ ಬಗ್ಗದ ಟಿಬಿಯಾಗಿ ಬರುತ್ತದೆ, ಮನೆಯವರಿಗೂ ಹತ್ತುತ್ತದೆ.

ಈ ದಾರಿಯನ್ನು ನಡೆದವರು ಏನು ಹೇಳುತ್ತಾರೆ? ‘ಕಿತ್ತಳೆ ಬಣ್ಣಕ್ಕೆ ಹೆದರಬೇಡಪ್ಪ, ಅದು ಮಾತ್ರೆಯ ಬಣ್ಣ. ಆದರೆ ಕಣ್ಣು ಹಳದಿಯಾದರೆ, ಕಣ್ಣು ಮಂಜಾದರೆ ಒಂದು ದಿನವೂ ತಡೆಯಬೇಡ, ಸೀದಾ ಡಾಕ್ಟರ ಹತ್ತಿರ ನಡಿ, ನಾನೂ ಬರ್ತೀನಿ.’ ಈ ಎರಡು ಮಾತು ಕರಪತ್ರದಲ್ಲೂ ಇರಬಹುದು. ಆದರೆ ಶಿವಾಜಿನಗರದ ಓಣಿಯಲ್ಲಿ ದಖ್ಖನಿ ಉರ್ದುವಿನಲ್ಲೋ ತಮಿಳಿನಲ್ಲೋ ಕನ್ನಡದಲ್ಲೋ, ರಾತ್ರಿ ಎಂಟು ಗಂಟೆಗೆ, ಕೆಲಸ ಮುಗಿಸಿ ಬಂದವನ ಮನೆಯ ಹೊಸಿಲ ಮೇಲೆ ಕೂತು ಹೇಳುವ ಕರಪತ್ರ ಯಾವುದಿದೆ? ಸರ್ಕಾರ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಕೊಡುವ ಹಣ 2018ರಲ್ಲಿ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಅದು ಬರಬೇಕಾದರೆ ಬ್ಯಾಂಕ್ ಖಾತೆ ಬೇಕು, ಹೆಸರು ಹೊಂದಬೇಕು, ಆಧಾರ್ ಹೊಂದಬೇಕು. ಊರುಬಿಟ್ಟು ಬಂದ ಕೂಲಿಯವನಿಗೆ ಆ ಕೌಂಟರಿನಿಂದ ಈ ಕೌಂಟರಿಗೆ ದಾರಿ ತೋರಿಸುವವನೂ ಅದೇ ಹಳೆಯ ರೋಗಿ.

ಇಷ್ಟು ಕೆಲಸ ಮಾಡಿದವರ ಕೈಗೆ ಸಿಗುವುದೆಷ್ಟು? ಸಾಮಾನ್ಯ ಟಿಬಿ ರೋಗಿಯೊಬ್ಬರ ಚಿಕಿತ್ಸೆ ಮುಗಿಯುವವರೆಗೆ ಬೆಂಬಲಕ್ಕೆ ನಿಂತವರಿಗೆ ರಾಷ್ಟ್ರೀಯ ಕಾರ್ಯಕ್ರಮ ಗೊತ್ತುಮಾಡಿದ ಗೌರವಧನ 1,000 ರೂಪಾಯಿ. ತಿಂಗಳಿಗಲ್ಲ, ಇಡೀ ಚಿಕಿತ್ಸೆಗೆ. ಆರು ತಿಂಗಳಿಗೆ ಭಾಗಿಸಿದರೆ ದಿನಕ್ಕೆ ಆರು ರೂಪಾಯಿಯೂ ಇಲ್ಲ. ಆ ದುಡ್ಡಿಗೆ ಶಿವಾಜಿನಗರ ಬಸ್ ನಿಲ್ದಾಣದ ಎದುರು ಒಂದು ಚಹಾ ಸಿಗುವುದಿಲ್ಲ. ಇದಕ್ಕೆ ‘ಗೌರವಧನ’ ಎಂದು ಹೆಸರಿಡಲು ಯಾರಿಗೆ ಮನಸ್ಸು ಬಂತೋ.

ಗುಣವಾದವರ ಅನುಭವ ಬೇಕು, ಬಾಯಿ ಬೇಕು, ಕಾಲು ಬೇಕು, ಹೊತ್ತು ಬೇಕು, ಅವರ ಮುಖ ಪೋಸ್ಟರಿಗೂ ಬೇಕು. ಸಂಬಳ ಮಾತ್ರ ಬೇಡ. ಕ್ಷಮಿಸಲಾಗದ ತಪ್ಪೆಂದರೆ ಇದೇ. ಔಷಧದ ಕೊರತೆ, ಯಂತ್ರದ ಕೊರತೆ, ಸಿಬ್ಬಂದಿಯ ಕೊರತೆ ಒಂದೊಂದು ಕಾಲಕ್ಕೆ ಬರುತ್ತವೆ, ಹೋಗುತ್ತವೆ. ಆದರೆ ಬಡವನ ದುಡಿಮೆಯನ್ನು ಪುಕ್ಕಟೆಯಾಗಿ ಪಡೆಯಬಹುದು, ‘ಸೇವೆ’ ಎಂದುಬಿಟ್ಟರೆ ಸಾಕು ಎಂಬ ಲೆಕ್ಕಾಚಾರ ಕೊರತೆಯಿಂದ ಹುಟ್ಟಿದ್ದಲ್ಲ, ಧೋರಣೆಯಿಂದ ಹುಟ್ಟಿದ್ದು.

ದೇಶಕ್ಕೆ ಇದನ್ನು ಸರಿಯಾಗಿ ಮಾಡುವುದು ಗೊತ್ತಿಲ್ಲವೆಂದೂ ಅಲ್ಲ. ರಸೆಲ್ ಮಾರುಕಟ್ಟೆಯಿಂದ ನಡೆದೇ ಹೋಗಬಹುದಾದ ದೂರದಲ್ಲಿ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಇದೆ. ಅಲ್ಲೊಂದು ಎಆರ್‌ಟಿ ಕೇಂದ್ರವಿದೆ, ಎಚ್‌ಐವಿ ಇರುವವರಿಗೆ ಉಚಿತ ಔಷಧ ಕೊಡುವ ಜಾಗ. ಇಂಥ ಕೇಂದ್ರಗಳಿಗಾಗಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ರೂಪಿಸಿದ ನಿಯಮದಲ್ಲಿ ‘ಕೇರ್ ಕೋಆರ್ಡಿನೇಟರ್’ ಎಂಬ ಹುದ್ದೆ ಇದೆ. ಅದು ಎಚ್‌ಐವಿ ಜತೆ ಬದುಕುತ್ತಿರುವವರಿಗೇ ಮೀಸಲು. ಹೊಸದಾಗಿ ವರದಿ ಕೈಗೆ ಸಿಕ್ಕಿ ಕುಸಿದು ಕೂತವರ ಪಕ್ಕದಲ್ಲಿ, ವರ್ಷಗಳಿಂದ ಅದೇ ಔಷಧ ನುಂಗುತ್ತ ಆರೋಗ್ಯವಾಗಿರುವ ಒಬ್ಬರು ಸಂಬಳ ಪಡೆಯುವ ಸಿಬ್ಬಂದಿಯಾಗಿ ಕೂರುತ್ತಾರೆ. ಕ್ಷಯ ಕಾರ್ಯಕ್ರಮದಲ್ಲಿ ಗುಣವಾದವರಿಗೆಂದೇ ಮೀಸಲಾದ ಅಂಥ ಹುದ್ದೆ ಇಲ್ಲ.

ಎಚ್‌ಐವಿಯವರಿಗೆ ಆ ಕುರ್ಚಿ ಯಾರೂ ದಯಪಾಲಿಸಿದ್ದಲ್ಲ. 1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಏಡ್ಸ್ ಇದ್ದವರೇ ವೇದಿಕೆಗೆ ಹೋಗಿ, ತಮ್ಮನ್ನು ಬಲಿಪಶುಗಳೆಂದು ಕರೆಯಕೂಡದು, ತಮ್ಮ ಬಗ್ಗೆ ತೀರ್ಮಾನವಾಗುವಲ್ಲೆಲ್ಲ ತಾವೂ ಇರಬೇಕು ಎಂದು ಪಟ್ಟು ಹಿಡಿದರು. 1994ರಲ್ಲಿ ಪ್ಯಾರಿಸ್‌ನಲ್ಲಿ 42 ದೇಶಗಳು ಆ ತತ್ವವನ್ನು ಒಪ್ಪಿ ಸಹಿ ಹಾಕಿದವು. 1997ರಲ್ಲಿ ಚೆನ್ನೈಯಲ್ಲಿ ಭಾರತದ ಎಚ್‌ಐವಿ ಸೋಂಕಿತರ ಒಕ್ಕೂಟ ಹುಟ್ಟಿತು. ಬೆಂಗಳೂರಿನಲ್ಲಿ ‘ಮಿಲನ’ ಎಚ್‌ಐವಿ ಇರುವ ಹೆಣ್ಣುಮಕ್ಕಳನ್ನು ಒಟ್ಟುಗೂಡಿಸಿತು. ಜಗಳ ಮಾಡಿ ಪಡೆದ ಹಕ್ಕು ಅದು. ಟಿಬಿ ಗುಣವಾದವರು ಹಾಗೆ ಒಟ್ಟಾಗುವುದು ಕಷ್ಟ. ಗುಣವಾದ ಮರುದಿನದಿಂದಲೇ ಅದನ್ನು ಮರೆತು, ಮರೆಸಿ ಬದುಕಲು ಸಮಾಜ ಒತ್ತಾಯಿಸುತ್ತದೆ. ಹಾಗಿದ್ದೂ ಕೆಲವರು ಮುಂದೆ ಬರುತ್ತಾರೆ. ಅಂಥವರಿಗೆ ಈ ನಡವಳಿಕೆ!

ಕೆಲವರು ಒಂದು ವಾದ ತೆಗೆಯುತ್ತಾರೆ. ‘ಆಲ್ಕೊಹಾಲಿಕ್ಸ್ ಅನಾನಿಮಸ್‌ನವರು ದುಡ್ಡು ಕೇಳುತ್ತಾರೆಯೇ? ಕುಡಿತ ಬಿಟ್ಟವರು ಇನ್ನೊಬ್ಬರಿಗೆ ಪುಕ್ಕಟೆ ನೆರವಾಗುವುದಿಲ್ಲವೇ?’ ಆಗುತ್ತಾರೆ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಶುರುಮಾಡಿದ ಆ ಕೂಟ ಇವತ್ತಿಗೂ ಸಂಬಳವಿಲ್ಲದೆ ನಡೆಯುತ್ತದೆ. ಆದರೆ ಅಲ್ಲಿ ಇನ್ನೊಬ್ಬರ ಕೈಹಿಡಿಯುವುದೇ ತನ್ನ ಕುಡಿತ ದೂರವಿಡುವ ದಾರಿ. ಕೊಡುವವನಿಗೂ ಅದು ಮದ್ದು. ಟಿಬಿ ಚಾಂಪಿಯನ್ ಮಾಡುವುದು ಸರ್ಕಾರದ ಕೆಲಸ: ರೋಗಿಯನ್ನು ಹುಡುಕುವುದು, ಕಫ ಪರೀಕ್ಷೆಗೆ ಕರೆತರುವುದು, ಮಾತ್ರೆ ಬಿಟ್ಟವರನ್ನು ಮತ್ತೆ ಹಾದಿಗೆ ತರುವುದು, ಮನೆಮಂದಿಯ ತಪಾಸಣೆ ಮಾಡಿಸುವುದು. ಆ ಸಂಖ್ಯೆಗಳು ಇಲಾಖೆಯ ವರದಿಯಲ್ಲಿ ಸಾಧನೆಯಾಗಿ ಸೇರುತ್ತವೆ. ಸಾಧನೆ ಇಲಾಖೆಗೆ, ಸೇವೆ ಬಡವನಿಗೆ ಎಂಬ ಹಂಚಿಕೆಯನ್ನು ಯಾರೂ ಒಪ್ಪಬಾರದು.

ಸಂಬಳ ಇದ್ದ ಕಡೆ ಅದು ಬಂದದ್ದು ಹೆಚ್ಚಾಗಿ ಹೊರಗಿನ ಯೋಜನೆಗಳಿಂದ. ಬೆಂಗಳೂರಿನ ಕೆಎಚ್‌ಪಿಟಿ ಸಂಸ್ಥೆ ಅಮೆರಿಕ ಸರ್ಕಾರದ ಯುಎಸ್‌ಏಡ್ ನೆರವಿನಲ್ಲಿ ನಡೆಸಿದ ‘ಥಾಲಿ’ಯಂಥ ಯೋಜನೆಗಳು ನಗರದ ಬಡ ಬಡಾವಣೆಗಳಲ್ಲಿ ಕೆಲಸ ಮಾಡಿದವು. ಯೋಜನೆಗೆ ಅವಧಿ ಇರುತ್ತದೆ, ರೋಗಕ್ಕೆ ಇರುವುದಿಲ್ಲ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಜಗತ್ತಿನ ಎಷ್ಟೋ ಕಡೆ ಇಂಥ ಕೆಲಸಗಾರರು ಒಂದೇ ಏಟಿಗೆ ಬೀದಿಗೆ ಬಿದ್ದರು. ನಮ್ಮ ಓಣಿಯ ರೋಗಿಯ ಪಕ್ಕದಲ್ಲಿ ಯಾರು ಕೂರಬೇಕೆಂಬುದು ವಾಷಿಂಗ್ಟನ್ನಿನಲ್ಲಿ ತೀರ್ಮಾನವಾಗುವಂತೆ ಬಿಟ್ಟವರು ಯಾರು? ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಜನ ಇರುವ ದೇಶ, 2025ಕ್ಕೇ ಈ ರೋಗವನ್ನು ಮುಗಿಸುತ್ತೇನೆಂದು ಸಾರಿದ್ದ ದೇಶ, ಗುಣವಾದವರಿಗೆ ಕೂಲಿ ಕೊಡಲು ಪರದೇಶದ ಕಡೆ ನೋಡಬೇಕಿತ್ತೇ?

ರೋಗಿಯನ್ನೇ ದೂರುವ ಅಭ್ಯಾಸವೂ ಹಳೆಯದು. ‘ಅವರಿಗೆ ತಿಳಿವಳಿಕೆ ಇಲ್ಲ, ಮಾತ್ರೆ ತಗೊಳ್ಳೋದಿಲ್ಲ.’ 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದರು. ಕಾಯಿಲೆಯ ಲಕ್ಷಣ ರೋಗಿಗಳಿಗೆ ಗೊತ್ತಿತ್ತು, ಅರ್ಧಕ್ಕೂ ಹೆಚ್ಚು ಜನ ತಾವಾಗಿಯೇ ಚಿಕಿತ್ಸೆ ಕೇಳಿಕೊಂಡು ಆಸ್ಪತ್ರೆ ಬಾಗಿಲಿಗೆ ಹೋಗಿದ್ದರು. ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ. ಬಾಗಿಲಲ್ಲಿ ಅವರನ್ನು ಗುರುತಿಸಿ, ‘ಇವರ ಕಫ ಪರೀಕ್ಷೆ ಮಾಡಿ’ ಎಂದು ಹಟ ಹಿಡಿಯುವ ಒಬ್ಬರು ಇರಲಿಲ್ಲ. ಆರು ದಶಕ ಕಳೆದ ಮೇಲೂ ಆ ಒಬ್ಬರನ್ನು ನೇಮಿಸಲು ಮೀನಮೇಷ.

ಬೈಗುಳ ಸರ್ಕಾರಕ್ಕಷ್ಟೇ ಮುಗಿಯುವುದಿಲ್ಲ. ಟಿಬಿ ಬಂದವನ ತಟ್ಟೆ, ಲೋಟ ಬೇರೆ ಇಡುವ ಮನೆಗಳಿವೆ. ತಟ್ಟೆಯಿಂದ, ಬಟ್ಟೆಯಿಂದ, ಮುಟ್ಟುವುದರಿಂದ ಟಿಬಿ ಬರುವುದಿಲ್ಲ. ಚಿಕಿತ್ಸೆ ಸರಿಯಾಗಿ ನಡೆದರೆ ಕೆಲವು ವಾರಗಳಲ್ಲಿ ಹರಡುವುದೂ ಬಹುಮಟ್ಟಿಗೆ ನಿಲ್ಲುತ್ತದೆ. ಅಮಿತಾಭ್ ಬಚ್ಚನ್ ತಮಗೆ ಬೆನ್ನುಮೂಳೆಯ ಟಿಬಿ ಬಂದಿತ್ತೆಂದು ಹೇಳಿದಾಗ ಚಪ್ಪಾಳೆ ತಟ್ಟಿದ ಜನರೇ ಪಕ್ಕದ ಮನೆಯವನು ಹೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಹಾಗಾದಮೇಲೆ ಯಾರು ಮುಂದೆ ಬಂದು ‘ನನಗೂ ಬಂದಿತ್ತು’ ಎನ್ನಬೇಕು? ಬಂದವನಿಗೆ ಸಂಬಳವೂ ಇಲ್ಲ, ಮರ್ಯಾದೆಯೂ ಇಲ್ಲ ಎಂದಾದರೆ?

ರಾಮಾಶ್ವಮೇಧದ ಕವಿ ಮುದ್ದಣ 1901ರಲ್ಲಿ ಇದೇ ಕ್ಷಯದಿಂದ ತೀರಿಕೊಂಡಾಗ ವಯಸ್ಸು 31. ಆಗ ಈ ರೋಗಕ್ಕೆ ಔಷಧವೇ ಇರಲಿಲ್ಲ. ಇವತ್ತು ಔಷಧ ಇದೆ, ಅದೂ ಉಚಿತವಾಗಿ. ಇವತ್ತು ಸಾಯುವ 31ರ ಹರೆಯದ ಹಮಾಲಿಯ ಸಾವಿಗೆ ಯಾವ ನೆಪ ಹೇಳುವುದು?

ರಸೆಲ್ ಮಾರುಕಟ್ಟೆಯ ವ್ಯಾಪಾರಿಗಳಿಗೆ ಒಂದು ಮಾತು. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿ ಸುಟ್ಟಾಗ, ಎಲ್ಲ ಕಳೆದುಕೊಂಡವನಿಗೆ ಪಕ್ಕದಂಗಡಿಯವನ ಒಂದು ಮಾತು ಎಷ್ಟು ಬಲ ಕೊಡುತ್ತದೆಂದು ನೀವು ಕಂಡಿದ್ದೀರಿ. ಕಾಯಿಲೆ ಬಂದ ಹಮಾಲಿಯ ಕೆಲಸವನ್ನು ಅವನು ಬರುವವರೆಗೆ ಉಳಿಸಿ. ಗುಣವಾಗಿ ಬಂದವನು ಇನ್ನೊಬ್ಬನನ್ನು ಬೌರಿಂಗ್‌ಗೆ ಕರೆದೊಯ್ಯುವ ದಿನ ಅವನ ಕೂಲಿ ಕತ್ತರಿಸಬೇಡಿ. ಪಕ್ಕದ ಸೇಂಟ್ ಮೇರಿ ಬೆಸಿಲಿಕಾದಲ್ಲಿ, ಸುತ್ತಲಿನ ಮಸೀದಿಗಳಲ್ಲಿ, ದೇವಸ್ಥಾನಗಳಲ್ಲಿ ಜನ ಸೇರಿದಾಗ ಅವರಿಗೆ ಐದು ನಿಮಿಷ ಮಾತಾಡಲು ಬಿಡಿ.

ಪಾಲಿಕೆಗೂ ಆರೋಗ್ಯ ಇಲಾಖೆಗೂ ಕೇಳುವುದು ಒಂದೇ. ಟಿಬಿ ಚಿಕಿತ್ಸೆ ಕೊಡುವ ಪ್ರತಿ ಸರ್ಕಾರಿ ಕೇಂದ್ರದಲ್ಲೂ ಗುಣವಾದ ಒಬ್ಬರಿಗೆ ಕುರ್ಚಿ, ಗುರುತಿನ ಚೀಟಿ, ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ತಿಂಗಳ ಸಂಬಳ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳು ಬಂದಿವೆ. ಹೊಸ ಬಜೆಟ್ ಪುಸ್ತಕದಲ್ಲಿ ಇದಕ್ಕೊಂದು ಸಾಲು ಹಾಕಲು ಯಾವ ಕಾನೂನೂ ಅಡ್ಡಿಯಿಲ್ಲ. ಮತ ಕೇಳಿಕೊಂಡು ಓಣಿಗೆ ಬರುವವರನ್ನು ನಿಲ್ಲಿಸಿ, ಆ ಸಾಲು ಎಲ್ಲಿದೆ ತೋರಿಸಿ ಎಂದು ಕೇಳಿ. ಇಲ್ಲ ಎಂದರೆ ಯಾಕಿಲ್ಲ ಎಂದು ಕೇಳಿ. ಉತ್ತರ ಬರುವವರೆಗೆ ದಾರಿ ಬಿಡಬೇಡಿ.