ನೆಲ ಉಳಿದರೆ ದಾಸೋಹ ಉಳಿದೀತು



ಹವಾಮಾನ ಕೆಟ್ಟಿತು ಎಂದಾಗ ನಾವೆಲ್ಲ ಆಕಾಶ ನೋಡುತ್ತೇವೆ. ಸರ್ಕಾರಿ ಎಂಜಿನಿಯರಾಗಿ ನಿವೃತ್ತನಾದ ನಾನು ಕಾಲಡಿಯ ಮಣ್ಣನ್ನೂ ನೋಡಿ ಎನ್ನುತ್ತೇನೆ. 2022ರಲ್ಲಿ ನಮ್ಮ ಕಡೆಯ ಕೆರೆಗಳು ಕೋಡಿ ಹರಿದವು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆ ಬರಿಸುವುದು ನಮ್ಮ ಕೈಯಲ್ಲಿಲ್ಲ. ಬಂದ ಮಳೆಯನ್ನು ನಿಲ್ಲಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ಲೆಕ್ಕ ಸರಳ. ಒಂದು ಎಕರೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಹೊಲಕ್ಕೆ ಬದುವಿದ್ದು, ಮಣ್ಣು ಕೊಟ್ಟಿಗೆ ಗೊಬ್ಬರ ಉಂಡಿದ್ದರೆ ಅದರಲ್ಲಿ ಬಹಳಷ್ಟು ಅಲ್ಲೇ ಇಂಗುತ್ತದೆ. ಬೋಳು ನೆಲವಾದರೆ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹೋಗಿ ಕೆರೆಯ ಹೂಳಾಗುತ್ತದೆ. ಕಾಂಕ್ರೀಟಾದರೆ ನೇರ ಚರಂಡಿಗೆ.

ಅರ್ಕಾವತಿ, ದಕ್ಷಿಣ ಪಿನಾಕಿನಿ ಹುಟ್ಟುವುದು ನಂದಿ ಬೆಟ್ಟದ ಸೀಮೆಯಲ್ಲಿ, ಕುಮುದ್ವತಿ ಶಿವಗಂಗೆಯಲ್ಲಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನದಿಗಳ ನೆತ್ತಿಯ ಊರುಗಳು. 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ ಬೆಂಗಳೂರಿಗೆ ನೀರು ಕೊಟ್ಟದ್ದು ಅರ್ಕಾವತಿಯಿಂದಲೇ. ಇಂದು ಅದೇ ಸೀಮೆಯಲ್ಲಿ ಸಾವಿರ ಅಡಿ ಕೊರೆದರೂ ನೀರಿನ ಭರವಸೆಯಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೂ ನೀಲಗಿರಿ ಬಂತು. ಹೊಸದಾಗಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಈ ನಡುವೆ ವಿಮಾನ ನಿಲ್ದಾಣ ಬಂದು ಭೂಮಿ ಚದರ ಅಡಿಯ ಲೆಕ್ಕಕ್ಕೆ ಇಳಿಯಿತು.

ಮಾರಿದ ರೈತನನ್ನು ನಾನು ದೂರುವುದಿಲ್ಲ. ಬೋರ್‌ವೆಲ್ ಬತ್ತಿ, ಸಾಲ ಬೆಳೆದ ಮೇಲೆ ಅವನಿಗೆ ಬೇರೆ ದಾರಿ ಯಾವುದಿತ್ತು? ಆದರೆ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು; 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಸ್ವಾಧೀನ ಕೈಬಿಟ್ಟಿತು. ಭೂಮಿ ಉಳಿಯಿತು. ಅದು ಬೆಳೆ ಕೊಡುತ್ತಾ ಇದ್ದರೆ ಮಾತ್ರ ಮುಂದೆಯೂ ಉಳಿದೀತು.

2030ರೊಳಗೆ 2.6 ಕೋಟಿ ಹೆಕ್ಟೇರ್ ಬರಡು ಭೂಮಿಯನ್ನು ಸರಿಪಡಿಸುವುದಾಗಿ ಭಾರತ 2019ರಲ್ಲಿ ಜಗತ್ತಿಗೆ ಮಾತು ಕೊಟ್ಟಿದೆ. ಆ ಮಾತು ನಡೆಯಬೇಕಾದದ್ದು ಇಂಥ ಹೊಲಗಳಲ್ಲಿ. ಇದಕ್ಕೆ ಹೊಸ ವಿದ್ಯೆ ಬೇಕಿಲ್ಲ. ಇಳಿಜಾರಿಗೆ ಅಡ್ಡ ಬದು, ಬದುವಿನ ಮೇಲೆ ಹೊಂಗೆ, ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು, ತಗ್ಗಿನಲ್ಲೊಂದು ಕೃಷಿ ಹೊಂಡ. ಮಳೆ ಕೈಕೊಟ್ಟು ಒಂದು ಬೆಳೆ ಹೋದರೂ ಇನ್ನೊಂದು ಕೈಹಿಡಿಯುತ್ತದೆ.

ಭೂಮಿಯಿರುವ ಮಠಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಜಮೀನಿನಲ್ಲಿ ಉಳಿದಿರುವ ನೀಲಗಿರಿಯನ್ನು ಮೊದಲು ತೆಗೆಸಿ. ಐದು ಎಕರೆಯಾದರೂ ಈ ಬಗೆಯಲ್ಲಿ ಸಾಗುವಳಿಯಾಗಲಿ. ಶಿವಾನುಭವ ಗೋಷ್ಠಿಗೆ ಬಂದ ರೈತರು ಅದನ್ನು ಕಣ್ಣಾರೆ ನೋಡಿ ಹೋಗಲಿ. ದಾಸೋಹದ ರಾಗಿಯನ್ನು ಸುತ್ತಲ ಹಳ್ಳಿಗಳ ಸಣ್ಣ ರೈತರಿಂದಲೇ ನ್ಯಾಯದ ಬೆಲೆಗೆ ಕೊಳ್ಳಿ. ಕೊಳ್ಳುವವರು ಖಚಿತವಿದ್ದರೆ ರೈತ ಹೊಲ ಮಾರುವ ಮುಂಚೆ ಎರಡು ಸಲ ಯೋಚಿಸುತ್ತಾನೆ.

ಲೇಔಟಿನ ಹಣದಿಂದ ಮಠಕ್ಕೆ ದೊಡ್ಡ ಕಟ್ಟಡ ಬರಬಹುದು. ಆದರೆ ಪ್ರಸಾದ ಬರಬೇಕಾದದ್ದು ಹೊಲದಿಂದ. ಕಾಯಕವೆಂದು ನಾವು ಗೌರವಿಸುವ ಬೇಸಾಯಕ್ಕೆ ನೆಲವೇ ಇಲ್ಲದಂತೆ ಮಾಡಿ, ದಾಸೋಹದ ಮಾತಾಡುವುದು ಹೇಗೆ? ಈ ಮುಂಗಾರಿಗೆ ಮುಂಚೆ ನಿಮ್ಮ ನಿಮ್ಮ ಮಠಗಳಲ್ಲಿ ಈ ವಿಷಯ ಚರ್ಚೆಗೆ ಬರಲಿ.