ಗೇಟಿನಾಚೆಯ ಜೈಲು

ನ್ಯಾಯಾಧೀಶ ಶಿಕ್ಷೆ ಕೊಡುವಾಗ ಲೆಕ್ಕ ಹೇಳುತ್ತಾನೆ. ಮೂರು ತಿಂಗಳು, ಮೂರು ವರ್ಷ, ಏಳು ವರ್ಷ. ಲೆಕ್ಕ ಮುಗಿದ ದಿನ ಜೈಲಿನ ಗೇಟು ತೆರೆಯುತ್ತದೆ. ಆದರೆ ಊರು ಕೊಡುವ ಶಿಕ್ಷೆಗೆ ಲೆಕ್ಕವೇ ಇಲ್ಲ. ಹೊರಗೆ ಬಂದವನನ್ನು ಕೂಲಿಗೆ ಕರೆಯೋರಿಲ್ಲ. ಬಾಡಿಗೆ ಮನೆ ಕೊಡೋರಿಲ್ಲ. ಅವನ ತಂಗಿಯನ್ನು ನೋಡಲು ಬಂದವರು ಸುದ್ದಿ ಕೇಳಿ ಎದ್ದು ಹೋಗುತ್ತಾರೆ. ಯಾರದೋ ತೋಟದ ಪಂಪ್‌ಸೆಟ್ ಕಳುವಾದರೆ ಪೊಲೀಸರು ಮೊದಲು ಇವನ ಮನೆಗೇ ಬರ್ತಾರೆ. ಇದನ್ನೆಲ್ಲ ಯಾವ ಕೋರ್ಟು ಬರೆದುಕೊಟ್ಟಿತ್ತು?

ಇದು ನಮ್ಮ ಜನಕ್ಕೆ ಹೊಸದಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಕೊರಮ, ಕೊರಚರಂಥ ಸಮುದಾಯಗಳನ್ನು ಮುಂದೆ ಹುಟ್ಟು ಕಳ್ಳರೆಂದು ಪಟ್ಟಿಗೆ ಸೇರಿಸಿದರು. ಠಾಣೆಯಲ್ಲಿ ಹಾಜರಿ, ಊರು ಬಿಡಲು ಪಾಸು. ಹುಬ್ಬಳ್ಳಿಯ ಸೆಟ್ಲ್‌ಮೆಂಟಿಗೆ ಮುಳ್ಳುತಂತಿ ಹಾಕಿ ಕೂಡಿಹಾಕಿದರು. 1952ರ ಆಗಸ್ಟ್ 31ರಂದು ಆ ಕಾಯ್ದೆ ಹೋಯಿತು, ಜನ ವಿಮುಕ್ತರಾದರು. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ನಮ್ಮದು 1961ರದ್ದು. ಹೆಸರು ಬದಲಾಯಿತು, ಗುಮಾನಿ ಹಾಗೇ ಉಳಿಯಿತು.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಬಾಹಿರ ಎಂದಿತು. ರಿಜಿಸ್ಟರಿನಿಂದ ಜಾತಿ ಕಾಲಂ ತೆಗೆಯಿರಿ ಎಂದಿತು. ಅಂದರೆ ಸ್ವಾತಂತ್ರ್ಯ ಬಂದು 77 ವರ್ಷವಾದರೂ ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಕಕ್ಕಸು ಬಳಿಯೋನ ಜಾತಿ ಬೇರೆ, ಅಡುಗೆ ಮಾಡೋನ ಜಾತಿ ಬೇರೆ ಅಂತ ಬರೆದಿತ್ತು! ಒಳಗೂ ಅದೇ ಊರು, ಹೊರಗೂ ಅದೇ ಊರು.

ಒಳಗಿರೋರೆಲ್ಲ ಅಪರಾಧಿಗಳೇ ಅಂದುಕೊಳ್ಳಬೇಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲೆ ತಪ್ಪು ಸಾಬೀತಾಗಿರಲಿಲ್ಲ. ಜಾಮೀನಿಗೆ ಪಹಣಿ ತಂದುಕೊಡೋರು ಭೂಮಿಯೇ ಇಲ್ಲದವನಿಗೆ ಎಲ್ಲಿ ಸಿಗ್ತಾರೆ? ಕೊನೆಗೆ ನಿರ್ದೋಷಿ ಅಂತ ಬಿಟ್ಟರೂ ಅವನು 'ಜೈಲಿಗೆ ಹೋಗಿ ಬಂದೋನೇ'.

ಇನ್ನೊಂದು ಕಡೆ ನೋಡಿ. 1951ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವನು ಬಿಡುಗಡೆಯಾಗಿ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಏಳನೇ ವರ್ಷ ನಿಲ್ಲಬಹುದು, ಗೆದ್ದರೆ ಮಂತ್ರಿಯೂ ಆಗಬಹುದು. ಅವನ ಕಳಂಕಕ್ಕೆ ಕಾನೂನೇ ತಾರೀಖು ಗೊತ್ತುಮಾಡಿದೆ. ಸೈಕಲ್ ಕದ್ದು ಮೂರು ತಿಂಗಳು ಒಳಗಿದ್ದ ಕೇರಿಯ ಹುಡುಗನಿಗೆ ಏಳನೇ ವರ್ಷ ಜವಾನನ ಕೆಲಸವಾದರೂ ಸಿಗುತ್ತದೆಯೆ?

ತಪ್ಪು ತಪ್ಪಲ್ಲ ಎಂದು ನಾವು ಹೇಳುತ್ತಿಲ್ಲ. ಕೇರಿಗೆ ಬೆಂಕಿ ಇಟ್ಟವರಿಗೆ ಶಿಕ್ಷೆಯಾಗಲಿ ಎಂದು ಬೀದಿಗಿಳಿಯುವವರು ನಾವೇ. ನಮ್ಮ ಮಾತು ಇಷ್ಟೆ: ಶಿಕ್ಷೆಗೆ ಮೊದಲ ದಿನ ಇದ್ದಹಾಗೆ ಕೊನೆಯ ದಿನವೂ ಇರಬೇಕು.

ಹಾಸ್ಟೆಲಿನ ಗೆಳೆಯರೆ, ಇದು ನಿಮ್ಮ ವಿಷಯವೂ ಹೌದು. ನಾಳೆ ಸರ್ಕಾರಿ ಕೆಲಸದ ಫಾರಂನಲ್ಲಿ 'ಬಂಧನಕ್ಕೆ ಒಳಗಾಗಿದ್ದೀರಾ?' ಎಂಬ ಪ್ರಶ್ನೆ ಬರುತ್ತದೆ. ಮೆರವಣಿಗೆಯಲ್ಲಿ ಕೂಗಿದ ಘೋಷಣೆಯೂ ಅಲ್ಲಿ ಕೇಸಾಗಿ ಬಂದು ಕೂರುತ್ತದೆ. ಹೆದರಿ ಮುಚ್ಚಿಡಬೇಡಿ, ಮುಚ್ಚಿಟ್ಟದ್ದೇ ಕೆಲಸ ಕಳೆಯುವ ಕಾರಣವಾದೀತು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನು ಮುಚ್ಚಿಟ್ಟಿದ್ದರೂ ಅಧಿಕಾರಿಗಳು ಮನ್ನಿಸಬಹುದು ಎಂದು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮನ್ನಿಸಲೇಬೇಕು ಎಂದಿಲ್ಲ, ನೆನಪಿರಲಿ. ಹದಿನೆಂಟು ತುಂಬುವ ಮುಂಚಿನ ಕೇಸಾದರೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಓದಿ. ಘೋರ ಅಪರಾಧಕ್ಕೆ ದೊಡ್ಡವರಂತೆ ವಿಚಾರಣೆಯಾದವರನ್ನು ಬಿಟ್ಟರೆ ಉಳಿದ ಮಕ್ಕಳಿಗೆ ಆ ಕೇಸಿನಿಂದ ಯಾವ ಅನರ್ಹತೆಯೂ ಅಂಟುವಂತಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಹುಡುಗರು ಅರ್ಜಿ ಹಾಕೋದನ್ನೇ ಬಿಟ್ಟಿದ್ದಾರೆ.

ಕಡೆಗೆ ಒಂದು ಮಾತು. ಜೈಲಿಂದ ಬಂದವನನ್ನು ಕಂಡರೆ ನಮ್ಮ ಕೇರಿಯವರೂ ಚಿಲಕ ಹಾಕ್ಕೋತಾರೆ. ಊರು ನಮಗೆ ಮಾಡಿದ್ದನ್ನೇ ನಾವು ಅವನಿಗೆ ಮಾಡ್ತಿದ್ದೀವಿ. ಈ ಸಲದ ಹಾಸ್ಟೆಲ್ ಸಭೆಯಲ್ಲಿ ಇದನ್ನು ಚರ್ಚೆಗಿಡಿ. ಅಂಥವನು ನಿಮ್ಮೂರಲ್ಲಿದ್ದರೆ ಅವನನ್ನೂ ಕರೆದುಕೊಂಡು ಬನ್ನಿ. ಯಾಕೆ ಹೋಗಿದ್ದೆ ಅಂತ ಮೊದಲೇ ಕೇಳಬೇಡಿ. ಊಟ ಆಯ್ತಾ ಅಂತ ಕೇಳಿ.