ಬೋರ್ಡಿಗೂ ಪಹಣಿ ಬೇಕು

ನಿಮ್ಮ ಫೋನಿಗೆ ಮೂರ್ನಾಲ್ಕು ವರ್ಷ ಆಯಿತೆಂದರೆ ಅಪ್‌ಡೇಟ್ ಬರುವುದು ನಿಲ್ಲುತ್ತದೆ, ಹೌದಲ್ಲ? ಪರದೆ ಗಟ್ಟಿ ಇದೆ, ಬ್ಯಾಟರಿ ನಡೆಯುತ್ತಿದೆ, ಆದರೂ ಕಂಪನಿ ಕೈಬಿಟ್ಟಿತು. ಇದಕ್ಕೊಂದು ದೊಡ್ಡ ಕಾರಣ ಕರ್ನಲ್. ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಚಿಪ್ಪು, ಮೆಮೊರಿ, ಪರದೆ ಎಲ್ಲವನ್ನೂ ದುಡಿಸುವ ಮೂಲ ತಂತ್ರಾಂಶ ಅದು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಈಗ ಸಾವಿರಾರು ಜನ ಸೇರಿ ಬರೆಯುತ್ತಾರೆ, ಎರಡು ಎರಡೂವರೆ ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಕಂಪನಿಗಳು ಅದರದೊಂದು ನಕಲು ತೆಗೆದುಕೊಂಡು, ತಮ್ಮ ಚಿಪ್ಪಿಗೆ ಬೇಕಾದ್ದನ್ನು ಸೇರಿಸಿ ಮಾರುತ್ತವೆ. ಸೇರಿಸಿದ್ದನ್ನು ಎಷ್ಟೋ ಸಲ ಮೂಲಕ್ಕೆ ಮರಳಿಸುವುದಿಲ್ಲ.

ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆಂದು ಕೊಳ್ಳುವ ಅಂಗೈಯಗಲದ ಕಂಪ್ಯೂಟರ್ ಬೋರ್ಡುಗಳ ಕಥೆಯೂ ಇದೇ. ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದು ಉದ್ಯಮಬಾಗ ದಾಟಿ ಮಚ್ಛೆ ಕಡೆ ಹೋದರೆ ವಿಟಿಯು ಇದೆ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆ 1998ರಿಂದ ಇದೇ ತಾಯಿಮನೆ. ಖಾನಾಪುರದ ಹಳ್ಳಿಗಳ ಮಕ್ಕಳು ಅದರ ಮುಂದೆಯೇ ಬಸ್ಸಿನಲ್ಲಿ ಹಾದು ಕಾಲೇಜಿಗೆ ಹೋಗುತ್ತಾರೆ. ಪ್ರತಿ ವರ್ಷ ಹನಿ ನೀರಾವರಿ, ಪಂಪ್‌ಸೆಟ್ ನಿಯಂತ್ರಣ ಎಂಬ ಅದೇ ಪ್ರಾಜೆಕ್ಟುಗಳು. ವೈವಾ ಮುಗಿದ ಮೇಲೆ ಬೋರ್ಡು ಕಪಾಟಿಗೆ. ಈ ವಿದ್ಯಾರ್ಥಿಗಳು ಮಾಡಬಹುದಾದ ಬೇರೊಂದು ಕೆಲಸ ಇದೆ ಎಂದು ನಮ್ಮ ವಾದ: ಆ ಬೋರ್ಡಿನ ಹೆಸರನ್ನು ಮೂಲ ಲಿನಕ್ಸ್ ಕರ್ನಲ್‌ಗೆ ಸೇರಿಸುವುದು.

ಹಾಗೆಂದರೆ ಏನು? ಮೇಜಿನ ಮೇಲಿನ ಪಿಸಿಯಲ್ಲಿ ಬಹುತೇಕ ಭಾಗಗಳು ತಾವೇ ಹೆಸರು ಹೇಳಿಕೊಳ್ಳುತ್ತವೆ. ಈ ಸಣ್ಣ ಬೋರ್ಡುಗಳಲ್ಲಿ ಹೆಚ್ಚಿನ ಭಾಗಗಳು ಮೂಕ. ಮೆಮೊರಿ ಎಲ್ಲಿದೆ, ಎಸ್‌ಡಿ ಕಾರ್ಡ್ ಎಲ್ಲಿ, ದೀಪ ಯಾವ ಪಿನ್ನಿನಲ್ಲಿ ಎಂದು ಕರ್ನಲ್‌ಗೆ ಯಾರಾದರೂ ಬರೆದು ಕೊಡಬೇಕು. ಆ ಬರಹಕ್ಕೆ ಡಿವೈಸ್ ಟ್ರೀ ಎನ್ನುತ್ತಾರೆ. ನಾವು ಅದನ್ನು ಪಹಣಿ ಎನ್ನುತ್ತೇವೆ. ಭಾಗ ಕುಳಿತಿರುವ ವಿಳಾಸವೇ ಸರ್ವೆ ನಂಬರು. 'ಕಂಪ್ಯಾಟಿಬಲ್' ಎಂಬ ಸಾಲು ಸಾಗುವಳಿದಾರನ ಕಾಲಂ: ಈ ತುಂಡನ್ನು ಯಾವ ಡ್ರೈವರ್ ಉಳಬೇಕು ಎಂದು ಅದು ಹೇಳುತ್ತದೆ. 'ಸ್ಟೇಟಸ್' ಎದುರು 'ಡಿಸೇಬಲ್ಡ್' ಎಂದಿದ್ದರೆ ಬೀಳು ಭೂಮಿ. ಸರ್ವೆ ನಂಬರು ತಪ್ಪಿತೋ, ಬೋರ್ಡು ಆನ್ ಆದರೂ ತುಟಿ ಬಿಚ್ಚುವುದಿಲ್ಲ. ಆಗ ಕೆಲವು ನೂರು ರೂಪಾಯಿಯ ಸೀರಿಯಲ್ ಕೇಬಲ್ ಹಚ್ಚಿ ಅದು ಎಲ್ಲಿ ನಿಂತಿತು ಎಂದು ಸಾಲು ಸಾಲಾಗಿ ಓದಬೇಕು. ಕಲಿಯುವುದಿರುವುದೇ ಅಲ್ಲಿ.

ಕಂಪನಿ ಕೊಟ್ಟ ಕರ್ನಲ್ ನಡೆಯುತ್ತದಲ್ಲ ಎಂದು ಕೇಳಬಹುದು. ನಡೆಯುತ್ತದೆ, ಬಿಳಿ ಹಾಳೆ ಮೇಲೆ ಬರೆದುಕೊಂಡ ಜಮೀನು ಕರಾರು ನಡೆದ ಹಾಗೆ. ಬರೆದವನು ಇರುವ ತನಕ ತಕರಾರಿಲ್ಲ. ಆಮೇಲೆ ಭದ್ರತೆಯ ತೂತು ಸಿಕ್ಕಿದರೆ ಮೂಲದಲ್ಲಿ ರಿಪೇರಿ ಆಗುತ್ತದೆ, ನಿಮ್ಮ ನಕಲಿಗೆ ಬರುವುದಿಲ್ಲ. ನಾಳೆ ಕಬ್ಬಿನ ಗದ್ದೆಯ ಮೋಟರನ್ನು ಇಂಟರ್ನೆಟ್ ಮೂಲಕ ಚಾಲೂ ಮಾಡುವುದು ಅಂಥ ಬೋರ್ಡೇ ಆಗಿದ್ದರೆ, ತೂತು ಬಿದ್ದಿರುವುದು ನಿಮ್ಮ ಹೊಲದ ಬೇಲಿಗೆ.

ರಾಸ್ಪ್‌ಬೆರಿ ಪೈ ಮಾರಾಟಕ್ಕೆ ಬಂದದ್ದು 2012ರ ಫೆಬ್ರವರಿ 29ರಂದು. ಅದರ ಚಿಪ್ಪಿನ ಪ್ರಾಥಮಿಕ ಬೆಂಬಲ ಮೂಲ ಕರ್ನಲ್‌ಗೆ ಸೇರಿದ್ದು ಅದೇ ಡಿಸೆಂಬರಿನ 3.7ನೇ ಆವೃತ್ತಿಯಲ್ಲಿ, ಸ್ಟೀಫನ್ ವಾರೆನ್ ಮೊದಲಾದವರ ಕೈಯಿಂದ. ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ಕಟ್ಟಿದ ಸಿಂಪ್ಯೂಟರ್ ಓಡಿದ್ದು ಲಿನಕ್ಸ್ ಮೇಲೆಯೇ. 2004ರಲ್ಲಿ ರಾಜ್ಯ ಸರ್ಕಾರ ಅದನ್ನು ಭೂದಾಖಲೆ ಕೆಲಸಕ್ಕೂ ಬಳಸಿತು. ಅಂದರೆ ನಿಜವಾದ ಪಹಣಿಗೇ!

ಈಗ ವ್ಯವಹಾರದ ಮಾತು. ಪೂರ್ತಿ ಹೊಸ ಚಿಪ್ಪಿಗೆ ಬೆಂಬಲ ಬರೆಯುವುದು ವರ್ಷಗಟ್ಟಲೆ ಕೆಲಸ, ಅದು ಕಂಪನಿಗೇ ಇರಲಿ. ಚಿಪ್ಪು ಆಗಲೇ ಕರ್ನಲ್‌ನಲ್ಲಿದ್ದು ಬೋರ್ಡ್ ಮಾತ್ರ ಹೊರಗುಳಿದಿದ್ದರೆ ಬೇಕಾಗುವುದು ಕೆಲವು ನೂರು ಸಾಲು. ಕರ್ನಲ್‌ನ ಇತ್ತೀಚಿನ ಆವೃತ್ತಿ ಕುಗ್ಗಿಸಿದ ಕಡತದಲ್ಲಿ 150 ಎಂಬಿ ಆಸುಪಾಸು. ಅದನ್ನೊಮ್ಮೆ ಬೆಳಗಾವಿಯಲ್ಲಿ ಇಳಿಸಿಕೊಂಡರೆ ಸಾಕು. ತಿದ್ದುಪಡಿ ಕಳಿಸುವುದು ಬರೀ ಅಕ್ಷರದ ಇ-ಮೇಲ್‌ನಲ್ಲಿ. ಜಾಂಬೋಟಿ, ಕಣಕುಂಬಿ ಕಡೆಯ ಮಳೆಗಾಲದ ನೆಟ್‌ವರ್ಕ್‌ನಲ್ಲೂ ಅಷ್ಟು ಹೋಗುತ್ತದೆ. ಜಗತ್ತಿನ ಯಾವುದೋ ಮೂಲೆಯ ಪರಿಶೀಲಕರು ಸಾಲಿನ ಖಾಲಿ ಜಾಗ ಸರಿ ಇಲ್ಲ, ಹೆಸರು ಸರಿ ಇಲ್ಲ ಎಂದು ಹಿಂದಕ್ಕೆ ಕಳಿಸುತ್ತಾರೆ. ಎರಡನೇ ಸಲ, ಮೂರನೇ ಸಲ ಕಳಿಸಬೇಕು. ಅವರು ನೋಡುವುದು ಬರೆದದ್ದನ್ನು, ಯಾವ ಕಾಲೇಜು ಎಂದಲ್ಲ. ಇಂಗ್ಲಿಷ್ ಅಂಜಿಕೆ ಬೇಡ, ಅಲ್ಲಿ ನಾಲ್ಕು ಸಾಲು ಸ್ಪಷ್ಟವಾಗಿದ್ದರೆ ನಡೆಯುತ್ತದೆ.

ಸೆಮಿಸ್ಟರ್ ಮುಗಿಯುವುದರೊಳಗೆ ಸ್ವೀಕಾರ ಆಗುತ್ತದೆಂಬ ಖಾತ್ರಿ ಇಲ್ಲ, ಅಂಕ ಹೇಗೆ ಕೊಡೋಣ ಎಂದು ಮೇಷ್ಟ್ರುಗಳು ಕೇಳುತ್ತಾರೆ. ಕೇಳಬೇಕಾದ್ದೇ. ಹಾಗಾದರೆ ಸ್ವೀಕಾರಕ್ಕೆ ಅಂಕ ಬೇಡ. ಕಳಿಸಿದ್ದಕ್ಕೆ, ಬಂದ ಆಕ್ಷೇಪಕ್ಕೆ ಉತ್ತರಿಸಿದ್ದಕ್ಕೆ, ತಿದ್ದಿ ಮತ್ತೆ ಕಳಿಸಿದ್ದಕ್ಕೆ ಕೊಡಿ. ಅದೆಲ್ಲ ತಾರೀಖು ಸಮೇತ ಅಂತರ್ಜಾಲದಲ್ಲಿ ಉಳಿಯುತ್ತದೆ, ಬೇರೆಯವರ ಪ್ರಾಜೆಕ್ಟ್ ವರದಿಯಂತೆ ನಕಲು ಹೊಡೆಯಲು ಬರುವುದಿಲ್ಲ. ವಿಟಿಯು ತನ್ನ ಪ್ರಾಜೆಕ್ಟ್ ನಿಯಮದಲ್ಲಿ ಇದಕ್ಕೊಂದು ಸಾಲು ಜಾಗ ಕೊಡಲಿ. ಅಲ್ಲಿಯ ತನಕ, ಕಾಲೇಜಿನಲ್ಲಿರುವ ತಮ್ಮ ತಂಗಿಯರೇ, ಕಪಾಟಿನಲ್ಲಿ ಬಿದ್ದ ಹಳೇ ಬೋರ್ಡನ್ನು ತೆಗೆದು, ಮೇಲೆ ಬರೆದಿರುವ ಚಿಪ್ಪಿನ ನಂಬರು ಓದಿ, ಅದು ಕರ್ನಲ್‌ನಲ್ಲಿ ಇದೆಯೋ ಇಲ್ಲವೋ ಹುಡುಕಿ ನೋಡ್ರಿ.